ಸಾರಿಗೆ ಉಪ್ಪೇ ಇರಲಿಲ್ಲ, ಎರಡು ಸಲ ಹಾಕಿಸಿಕೊಂಡು ಉಂಡೆ. ಊಟದ ಮೇಲೆ ಗಮನ ಇಡೋದು ಹೇಗೆ?

ಸಾಗರದ ಹುಡುಗ | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ಮೊದಲು ಏನಾಯಿತು ಅಂತ ಹೇಳಿಬಿಡುತ್ತೇನೆ.

ನಾನು ಸಾಗರದ ಹತ್ತಿರದ ಹಳ್ಳಿಯವನು. ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಒಂದೂವರೆಗೆ ಅಮ್ಮ ಊಟಕ್ಕೆ ಕರೆಯುತ್ತಾರೆ. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟುಕೊಂಡೇ ಊಟ. ಕ್ರಿಕೆಟ್ಟೋ, ಯಾರದೋ ಪ್ರವಾಸದ ವಿಡಿಯೋನೋ, ಏನೋ ಒಂದು ಓಡುತ್ತಿರಬೇಕು. ನಾಲ್ಕು ವರ್ಷದಿಂದ ಇದೇ ಅಭ್ಯಾಸ.

ಕಳೆದ ಗುರುವಾರವೂ ಹಾಗೇ ಉಂಡೆ. ಒಂದೆಲಗದ ತಂಬುಳಿ, ಬೇಳೆ ಸಾರು, ಹಲಸಿನ ಹಪ್ಪಳ. ಸಾರನ್ನು ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತೆ.

ನಮ್ಮನೆಯಲ್ಲಿ ದೇವರಿಗೆ ನೈವೇದ್ಯ ಆಗುವವರೆಗೆ ಅಡುಗೆಯ ರುಚಿ ನೋಡುವ ಹಾಗಿಲ್ಲ. ಅಮ್ಮ ಉಣ್ಣುವುದು ಎಲ್ಲರಿಗಿಂತ ಕೊನೆಗೆ. ಹತ್ತು ನಿಮಿಷ ಬಿಟ್ಟು ಅಡುಗೆಮನೆಯಿಂದ ಕೂಗಿದರು: "ಅಯ್ಯೋ, ಸಾರಿಗೆ ಉಪ್ಪೇ ಹಾಕಿಲ್ವಲ್ಲೋ ಮಾರಾಯ! ನೀನು ಉಂಡೆಯಲ್ಲ, ಹೇಳಬಾರದಿತ್ತಾ?"

ನನಗೆ ಗೊತ್ತೇ ಆಗಿರಲಿಲ್ಲ. ಎದ್ದು ಹೋಗಿ ಹಾಗೇ ಹೇಳಿದೆ. ಅಮ್ಮ ಬೈಯಲಿಲ್ಲ. ಉಪ್ಪಿನ ಭರಣಿ ಮುಚ್ಚುತ್ತಾ, "ಹಾಗಾದ್ರೆ ನಾ ಏನು ಮಾಡಿ ಹಾಕಿದ್ರೂ ನಿಂಗೆ ಒಂದೇ ಅನ್ನು" ಅಂದರು. ಆ ಮಾತು ನಾಲ್ಕು ದಿನದಿಂದ ತಲೆಯಲ್ಲೇ ಇದೆ. ಬೆಳಿಗ್ಗೆ ಮಳೆಯಲ್ಲೇ ತೋಟದ ಬದುವಿಗೆ ಹೋಗಿ ಸೊಪ್ಪು ಕೊಯ್ದು ತಂದಿದ್ದರು ಅವರು.

ಇನ್ನೊಂದು ಸಂಗತಿ. ಹೊಟ್ಟೆ ತುಂಬ ಉಂಡಿದ್ದರೂ ನಾಲ್ಕು ಗಂಟೆಗೆಲ್ಲ ಕೈ ಡಬ್ಬಿ ಹುಡುಕುತ್ತದೆ. ಚಕ್ಕುಲಿ, ಬಾಳೆಕಾಯಿ ಚಿಪ್ಸ್, ಏನಾದರೂ ಸರಿ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಮೊಬೈಲು ಬಿಟ್ಟು ಉಣ್ಣಲು ಕಲಿತವರು ಯಾರಾದರೂ ಇದ್ದರೆ ಹೇಗೆ ಕಲಿತಿರಿ ಅಂತ ದಯವಿಟ್ಟು ಹೇಳಿ. ಎರಡು ದಿನ ಪ್ರಯತ್ನ ಮಾಡಿದೆ. ಮೂರೇ ನಿಮಿಷಕ್ಕೆ ಚಡಪಡಿಕೆ ಶುರುವಾಗುತ್ತದೆ.


ಗೋಪಾಳ ನಿವಾಸಿ | ಸೋಮವಾರ ರಾತ್ರಿ

ನಮ್ಮನೆಯಲ್ಲೂ ಇದೇ ಕಥೆ. ನಾಲ್ಕು ಜನ, ನಾಲ್ಕು ಫೋನು. ಯಾರು ಎಷ್ಟು ಉಂಡರು ಅಂತ ಯಾರಿಗೂ ಗೊತ್ತಿಲ್ಲ. ಉತ್ತರ ಕಾಯುತ್ತಿದ್ದೇನೆ.


ಪಥ್ಯ | ಮಂಗಳವಾರ ಬೆಳಿಗ್ಗೆ

ನಾನು ಶಿವಮೊಗ್ಗದಲ್ಲಿ ಆಹಾರ ಸಲಹೆಗಾರ್ತಿ. ನಿಮ್ಮ ನಾಲ್ಕು ಗಂಟೆಯ ಹಸಿವಿಗೂ ಮಧ್ಯಾಹ್ನದ ಊಟಕ್ಕೂ ಖಂಡಿತ ಸಂಬಂಧ ಇದೆ.

ಹೊಟ್ಟೆ ತುಂಬಿತು ಅನ್ನುವುದನ್ನು ಹೊಟ್ಟೆ ಒಂದೇ ತೀರ್ಮಾನ ಮಾಡುವುದಿಲ್ಲ. ಜಠರ ಹಿಗ್ಗಿದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಕರುಳಿನಿಂದ ಹಾರ್ಮೋನುಗಳು ಹೊರಡುತ್ತವೆ. ಇದೆಲ್ಲ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ. ಏಳು ನಿಮಿಷದಲ್ಲಿ ಊಟ ಮುಗಿಸಿದರೆ ಆ ಸುದ್ದಿ ಬರುವ ಮೊದಲೇ ಎರಡನೇ ಸಲದ ಅನ್ನ ತಟ್ಟೆಗೆ ಬಿದ್ದಿರುತ್ತದೆ.

ಇದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ನೆನಪಿನ ವಿಷಯ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಇಬ್ಬರು ರೋಗಿಗಳು, ಇಬ್ಬರಿಗೂ ಹೊಸ ನೆನಪು ನಿಲ್ಲುವುದಿಲ್ಲ. ಊಟ ಮುಗಿಸಿ 10ರಿಂದ 30 ನಿಮಿಷದೊಳಗೆ ಮತ್ತೆ ಊಟ ತಂದಿಟ್ಟರು. ಅವರು ಮತ್ತೆ ಉಂಡರು! ಹೊಟ್ಟೆ ತುಂಬಿತ್ತು, ಆದರೆ ಉಂಡ ನೆನಪಿರಲಿಲ್ಲ. ನಮ್ಮಂಥವರಲ್ಲೂ ಸಣ್ಣ ಪ್ರಮಾಣದಲ್ಲಿ ಇಂಥದೇ ಆಗುತ್ತದೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟಿ.ವಿ. ನೋಡುತ್ತಾ ಮಧ್ಯಾಹ್ನ ಉಂಡ ಯುವತಿಯರು ಸಂಜೆ ಹೊತ್ತಿಗೆ ಬಿಸ್ಕತ್ತು ಜಾಸ್ತಿ ತಿಂದರು. ಮಧ್ಯಾಹ್ನದ ಊಟದ ನೆನಪೂ ಅವರಿಗೆ ಮಸುಕಾಗಿತ್ತು. 2013ರಲ್ಲಿ ಇಂಥ 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅದೇ ಕಂಡಿತು. ಗಮನ ಬೇರೆಡೆ ಇಟ್ಟು ಉಂಡರೆ ಆಗಲೂ ಜಾಸ್ತಿ ಸೇರುತ್ತದೆ, ಆಮೇಲಿನ ಹೊತ್ತಿಗೆ ಇನ್ನೂ ಜಾಸ್ತಿ ಸೇರುತ್ತದೆ.

ನಿಮ್ಮ ಚಕ್ಕುಲಿ ಡಬ್ಬಿಗೆ ಕಾರಣ ಇಲ್ಲಿದೆ. ಆ ಸಾರು ನಿಮ್ಮ ಹೊಟ್ಟೆಗೆ ಹೋಯಿತು, ನೆನಪಿಗೆ ಹೋಗಲಿಲ್ಲ.

ಅಭ್ಯಾಸ ಹೇಗೆ ಅಂದರೆ, ಇಡೀ ಊಟಕ್ಕೆ ಕೈ ಹಾಕಬೇಡಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್‌-ಝಿನ್ ಅನ್ನುವವರು ಶುರು ಮಾಡಿದ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯಿಂದ ಪಾಠ ಆರಂಭ. ಕೈಯಲ್ಲಿ ಹಿಡಿದು ನೋಡಿ, ಮೂಸಿ, ನಾಲಿಗೆ ಮೇಲಿಟ್ಟು, ಆಮೇಲೆ ಕಚ್ಚುವುದು. ಮನೆಯಲ್ಲಿ ಇರುವ ಯಾವುದಾದರೂ ಒಂದರಿಂದ ಶುರು ಮಾಡಿ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಇದು ಔಷಧಿ ಅಲ್ಲ, ತೂಕ ಇಳಿಸುವ ಮಂತ್ರವೂ ಅಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತನ್ನೂ ಪ್ರಮಾಣವನ್ನೂ ವೈದ್ಯರನ್ನು ಕೇಳದೆ ಬದಲಿಸಬೇಡಿ. ಊಟ ಅಂದರೇ ಭಯ, ತಪ್ಪಿತಸ್ಥ ಭಾವನೆ ಇರುವವರು ತುತ್ತು ಎಣಿಸಲು ಹೋಗಲೇಬೇಡಿ. ಮೊದಲು ವೈದ್ಯರ ಹತ್ತಿರ ಮಾತಾಡಿ.


ಹಳೇ ಮೇಷ್ಟ್ರು, ಹೊಸನಗರ | ಮಂಗಳವಾರ ಮಧ್ಯಾಹ್ನ

ಪಥ್ಯ ಅವರು ಒಣದ್ರಾಕ್ಷಿ ಅಂದಿದ್ದಕ್ಕೆ ನನ್ನ ಅಪ್ಪಯ್ಯ ನೆನಪಾದರು. ಊಟಕ್ಕೆ ಕೂತ ಕೂಡಲೇ ಎಲೆಯ ಸುತ್ತ ನೀರು ಬಿಟ್ಟು, ಚಿತ್ರಾವತಿ ಅಂತ ಎಲೆಯ ಪಕ್ಕ ಚೂರು ಚೂರು ಅನ್ನ ಇಟ್ಟು, ಐದು ಪುಟ್ಟ ತುತ್ತು ತೆಗೆದುಕೊಳ್ಳುತ್ತಿದ್ದರು. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಅಂತ ದೇಹದೊಳಗಿನ ಐದು ವಾಯುಗಳು, ಒಂದೊಂದಕ್ಕೆ ಒಂದೊಂದು. ಆ ಐದನ್ನು ಹಲ್ಲಿಗೆ ತಾಗಿಸದೆ ನುಂಗಬೇಕು ಅಂತ ಪದ್ಧತಿ. ಹಾಗಾಗಿ ಅದು ಅಗಿಯುವ ಪಾಠ ಅಲ್ಲ. ಆದರೆ ಆ ಹೊತ್ತಿನಲ್ಲಿ ಅವರು ಬೇರೇನೂ ಮಾಡುತ್ತಿರಲಿಲ್ಲ, ಯಾರು ಕರೆದರೂ ತಿರುಗುತ್ತಿರಲಿಲ್ಲ. ಗದ್ದೆ ಚಿಂತೆ, ಸಾಲದ ಚಿಂತೆ ಎಲ್ಲ ಆ ಐದು ತುತ್ತಿನ ಆಚೆಗೆ.

ಎಲ್ಲರ ಮನೆಯಲ್ಲೂ ಇದೇ ಪದ್ಧತಿ ಇರುವುದಿಲ್ಲ. ಮೊದಲ ತುತ್ತನ್ನು ಕಣ್ಣಿಗೆ ಒತ್ತಿಕೊಳ್ಳುವವರನ್ನು ನೋಡಿದ್ದೇನೆ. ಸುಮ್ನೆ ಒಂದು ಕ್ಷಣ ಕಣ್ಣು ಮುಚ್ಚುವವರನ್ನೂ ನೋಡಿದ್ದೇನೆ. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಮಕ್ಕಳು ಸಾಲಾಗಿ ಕೂತು ಮೊದಲ ಎರಡು ನಿಮಿಷ ಪಿಟ್ಟೆನ್ನುತ್ತಿರಲಿಲ್ಲ. ಹಸಿದ ಮಕ್ಕಳು ಉಣ್ಣುವುದನ್ನು ನೋಡಿದವರಿಗೆ ಗಮನ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ. ಆಮೇಲೆ ಗಲಾಟೆ ಇದ್ದದ್ದೇ.

ಚರಕ ಸಂಹಿತೆಯಲ್ಲಿ "ತನ್ಮನಾ ಭುಂಜೀತ" ಅಂತ ಇದೆ, ಮನಸ್ಸನ್ನು ಅದರಲ್ಲೇ ಇಟ್ಟು ಉಣ್ಣಬೇಕು ಅಂತ. ತೀರಾ ಬೇಗ ಬೇಡ, ತೀರಾ ನಿಧಾನವೂ ಬೇಡ ಅನ್ನುತ್ತದೆ. ಮಾತಾಡದೆ, ನಗದೆ ಉಣ್ಣಬೇಕು ಅಂತಲೂ ಹೇಳುತ್ತದೆ. ಆ ಕೊನೆಯದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರ ಜೊತೆ ಮಾತಾಡದೆ ಹೇಗೆ ಉಣ್ಣುವುದು? ಬಡಿಸುವವರು "ಇನ್ನೊಂಚೂರು ಹಾಕ್ತೀನಿ" ಅನ್ನುವುದು, ನಾವು ಎಲೆಗೆ ಕೈ ಅಡ್ಡ ಹಿಡಿಯುವುದು, ಅದೂ ಊಟದ ಭಾಗವೇ. ಮಾತು ಎಲೆಯ ಸುತ್ತಲೇ ಇದ್ದರೆ ಮನಸ್ಸೂ ಅಲ್ಲೇ ಇರುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ. "ಬಲ್ಲ" ಅನ್ನುವ ಶಬ್ದ ಗಮನಿಸಿ. ಏನು ಉಣ್ಣಬೇಕು ಅನ್ನುವುದು ಮಾತ್ರ ಅಲ್ಲ, ಉಣ್ಣಲು ಗೊತ್ತಿರಬೇಕು.


ಮುಂದಿನ ಸ್ಟಾಪ್ | ಮಂಗಳವಾರ ರಾತ್ರಿ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಹೇಳುತ್ತೇನೆ. ನಾನು ಶಿವಮೊಗ್ಗ–ತೀರ್ಥಹಳ್ಳಿ ರೂಟಿನ ಬಸ್ಸಿನಲ್ಲಿ ಕಂಡಕ್ಟರ್. ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ತಿಂಡಿಗೆ ಸಿಗುವುದು 12 ನಿಮಿಷ. ಅದರಲ್ಲಿ ಕೈ ತೊಳೆಯಬೇಕು, ತಿನ್ನಬೇಕು, ಟೀ ಕುಡಿಯಬೇಕು, ಕಲೆಕ್ಷನ್ ಲೆಕ್ಕ ನೋಡಬೇಕು. 20 ನಿಮಿಷದ ಊಟ ಕೂತು ಮಾಡುವ ಕೆಲಸದವರಿಗೆ ಸರಿ. ನಮ್ಮಂಥವರು ಏನು ಮಾಡಬೇಕು?


ತೋಟದ ಮನೆ | ಮಂಗಳವಾರ ರಾತ್ರಿ

ಕಂಡಕ್ಟರ್ ಅಣ್ಣ ಹೇಳಿದ್ದು ಸರಿ ಇದೆ. ನಾನೂ ಒಂದು ಸೇರಿಸುತ್ತೇನೆ, ಯಾಕೆಂದರೆ ಇಲ್ಲಿ ಯಾರೂ ಅದನ್ನು ಎತ್ತಲಿಲ್ಲ.

ಸಾಗರದ ತಮ್ಮಾ, ನೀನು ಗಮನ ಕೊಡದೆ ಉಂಡೆ. ನಿನ್ನ ಅಮ್ಮ ಹೇಗೆ ಉಂಡರು ಅಂತ ನೋಡಿದ್ದೀಯಾ? ನಮ್ಮದು ಅಡಿಕೆ ತೋಟ. ಕೊಯ್ಲಿನ ಸಮಯದಲ್ಲಿ ಸುಲಿಯುವವರು, ಬೇಯಿಸುವವರು ಎಲ್ಲ ಸೇರಿ ದಿನಾ ಹದಿನೈದು ಇಪ್ಪತ್ತು ಜನರ ಅಡುಗೆ. ಎಲ್ಲರದ್ದೂ ಮುಗಿದ ಮೇಲೆ ನಾನು ಒಲೆ ಪಕ್ಕ ನಿಂತುಕೊಂಡು, ಪಾತ್ರೆಯಲ್ಲೇ ಅನ್ನ ಕಲಸಿಕೊಂಡು, ಸಂಜೆಗೆ ಏನು ಅಂತ ಯೋಚನೆ ಮಾಡುತ್ತಾ ಉಂಡು ಮುಗಿಸುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೇ ಉಂಡೆ. ನನ್ನ ಹತ್ತಿರ ಮೊಬೈಲು ಇರಲಿಲ್ಲ. ಆದರೂ ಊಟದ ಮೇಲೆ ಮನಸ್ಸು ಇರಲಿಲ್ಲ.

ಹೋದ ವರ್ಷ ಮಗಳು ರಜೆಗೆ ಬಂದಾಗ ಇದನ್ನು ನೋಡಿ ಅತ್ತುಬಿಟ್ಟಳು. ಆ ದಿನದಿಂದ ಒಂದು ನಿಯಮ ಮಾಡಿಕೊಂಡೆವು. ಅನ್ನ, ಸಾರು, ಪಲ್ಯ ಎಲ್ಲ ಊಟದ ಜಾಗಕ್ಕೆ ತಂದಿಡುವುದು. ಮನೆಯವರು ತಾವೇ ಬಡಿಸಿಕೊಳ್ಳುವುದು. ನಾನೂ ಜೊತೆಗೇ ಕೂರುವುದು. ಮೊದಲ ದಿನ ನಾಲ್ಕು ಸಲ ಎದ್ದೆ, ಏನಾದರೂ ತರಬೇಕು ಅನ್ನಿಸುತ್ತಿತ್ತು. ಯಜಮಾನರು "ಕೂರು, ನಾ ತರ್ತೀನಿ" ಅಂತ ಎದ್ದರು. ಬಿಸಿ ಅನ್ನಕ್ಕೆ ತುಪ್ಪ ಹಾಕಿದಾಗ ಏಳುವ ಪರಿಮಳ ನನ್ನ ತಟ್ಟೆಯಿಂದಲೂ ಎದ್ದಿದ್ದನ್ನು ಅವತ್ತು ನೋಡಿದೆ. ಅಷ್ಟು ವರ್ಷ ನಾನು ಉಂಡಿದ್ದು ಆರಿದ ಅನ್ನವೇ.

ಹಾಗಾಗಿ ಗಮನ ಇಟ್ಟು ಉಣ್ಣಿ ಅಂತ ಹೇಳುವ ಮೊದಲು, ಮನೆಯಲ್ಲಿ ಎಲ್ಲರಿಗೂ ಕೂತು ಉಣ್ಣಲು ಪುರುಸೊತ್ತು ಇದೆಯಾ ನೋಡಿ.


ಪುಟ್ಟಿ ಅಮ್ಮ | ಬುಧವಾರ ಬೆಳಿಗ್ಗೆ

ತೋಟದ ಮನೆ ಅಕ್ಕಾ, ಓದಿ ಕಣ್ಣು ತುಂಬಿ ಬಂತು.

ನನ್ನದು ಬೇರೆ ತೊಂದರೆ. ಮಗಳಿಗೆ ಎರಡೂವರೆ ವರ್ಷ. ಫೋನಿನಲ್ಲಿ ಹಾಡು ಹಾಕದೆ ಬಾಯಿ ತೆರೆಯುವುದಿಲ್ಲ. ಹಾಡು ಹಾಕಿದರೆ ಬಾಯಿ ತಾನಾಗೇ ತೆರೆಯುತ್ತದೆ, ಏನು ಇಟ್ಟರೂ ನುಂಗುತ್ತಾಳೆ. ನನಗೂ ಸುಲಭ, ಬೇಗ ಮುಗಿಯುತ್ತದೆ. ಆದರೆ ಸಾಗರದವರ ಉಪ್ಪಿನ ಕಥೆ ಓದಿದ ಮೇಲೆ ಹೆದರಿಕೆ ಆಗಿದೆ. ನಾನೇ ಅವಳಿಗೆ ಇದನ್ನು ಕಲಿಸುತ್ತಿದ್ದೇನೆ, ಅಲ್ವಾ?


ಪಥ್ಯ | ಬುಧವಾರ ಮಧ್ಯಾಹ್ನ

ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಅಮ್ಮಂದಿರಲ್ಲಿ ಬಹಳ ಜನ ಇದನ್ನೇ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಊಟದ ಹೊತ್ತಿನದನ್ನು ಮೊದಲು ತೆಗೆಯಿರಿ. ಹಾಡಿನಲ್ಲಿ ಮುಳುಗಿದ ಮಗುವಿಗೆ ಸಾಕು ಅನ್ನಿಸುವುದೂ ತಿಳಿಯುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇರುತ್ತದೆ.

ಎರಡು ಮೂರು ದಿನ ಅಳುತ್ತಾಳೆ, ಕಡಿಮೆ ತಿನ್ನುತ್ತಾಳೆ. ಆರೋಗ್ಯವಾಗಿರುವ ಮಗು ಒಂದೆರಡು ಹೊತ್ತು ಕಡಿಮೆ ತಿಂದರೆ ಗಾಬರಿ ಬೇಡ. ತೂಕ ಇಳಿಯುತ್ತಿದ್ದರೆ, ಹುಷಾರಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅವಳ ಕೈಯಲ್ಲೇ ತಿನ್ನಲು ಬಿಡಿ. ಚೆಲ್ಲಲಿ.

ಕಂಡಕ್ಟರ್ ಅವರಿಗೆ: ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. 12 ನಿಮಿಷ ಇದ್ದರೆ 12 ನಿಮಿಷ. ನಿಧಾನಕ್ಕಿಂತ ಗಮನ ಮುಖ್ಯ. ಮೇಷ್ಟ್ರು ಹೇಳಿದ ಐದು ತುತ್ತನ್ನು ನೀವು ಚೆನ್ನಾಗಿ ಅಗಿದು ತಿನ್ನಿ, ಆ ಒಂದು ನಿಮಿಷ ಲೆಕ್ಕದ ಪುಸ್ತಕ ಮುಚ್ಚಿಡಿ. ಆಮೇಲೆ ನಿಮ್ಮ ಅನುಕೂಲ.


ತೋಟದ ಮನೆ | ಬುಧವಾರ ಸಂಜೆ

ಪುಟ್ಟಿ ಅಮ್ಮ, ಅಕ್ಕಿ ರೊಟ್ಟಿ ತಟ್ಟುವಾಗ ಅವಳ ಕೈಗೂ ಒಂದು ನಿಂಬೆಗಾತ್ರದ ಹಿಟ್ಟು ಕೊಡಿ. ತಾನು ತಟ್ಟಿದ್ದನ್ನು ಮಕ್ಕಳು ಬಿಡುವುದಿಲ್ಲ.


ಒಂಟಿ ರೂಮು, ವಿನೋಬನಗರ | ಬುಧವಾರ ರಾತ್ರಿ

ಎಲ್ಲರೂ ಮನೆಯವರ ಜೊತೆ ಉಣ್ಣುವ ಮಾತಾಡುತ್ತಿದ್ದೀರಿ. ನಾನು ಕೆಲಸಕ್ಕೆ ಅಂತ ಬಂದು ರೂಮಿನಲ್ಲಿ ಒಬ್ಬನೇ ಇದ್ದೇನೆ. ಮೆಸ್ಸಿನಿಂದ ಪಾರ್ಸೆಲ್. ಫೋನು ಆಫ್ ಮಾಡಿದರೆ ಎದುರಿಗೆ ಗೋಡೆ. ಊಟದ ಹೊತ್ತಿಗೆ ಯಾರದಾದರೂ ದನಿ ಬೇಕು ಅನ್ನಿಸುತ್ತದೆ. ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಉಂಡರೆ ಪರವಾಗಿಲ್ವಾ?


ಪಥ್ಯ | ಬುಧವಾರ ರಾತ್ರಿ

ಪರದೆಯ ಬದಲು ದನಿ ಮಾತ್ರ ಇದ್ದರೆ ಕಣ್ಣಾದರೂ ತಟ್ಟೆಯ ಮೇಲೆ ಇರುತ್ತದೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. 2001ರ ಒಂದು ಫ್ರೆಂಚ್ ಪ್ರಯೋಗದಲ್ಲಿ ಧ್ವನಿಮುದ್ರಿಸಿದ ಕಥೆ ಕೇಳುತ್ತಾ ಉಂಡವರೂ ಜಾಸ್ತಿಯೇ ಉಂಡರು. ಹಾಡು ಸಣ್ಣಗೆ ಇರಲಿ, ಕಥೆ, ಸುದ್ದಿ ಆಮೇಲೆ ಕೇಳಿ.


ಹಳೇ ಮೇಷ್ಟ್ರು, ಹೊಸನಗರ | ಗುರುವಾರ ಬೆಳಿಗ್ಗೆ

ತಮ್ಮಾ, ಒಬ್ಬನೇ ಉಣ್ಣುವ ಕಷ್ಟ ನನಗೆ ಗೊತ್ತು. ಮನೆಯವಳು ಹೋದ ಮೇಲೆ ಮೂರು ತಿಂಗಳು ಟಿ.ವಿ. ಮುಂದೆಯೇ ಉಂಡೆ. ಪಾರ್ಸೆಲ್ ಕವರಿನಿಂದ ಉಣ್ಣಬೇಡ. ಒಂದು ತಟ್ಟೆ ತಗೋ, ಅದಕ್ಕೆ ಬಡಿಸಿಕೋ. ಬಾಳೆ ಎಲೆ ಸಿಕ್ಕರೆ ಇನ್ನೂ ಒಳ್ಳೆಯದು. ವಾರಕ್ಕೆ ಎರಡು ದಿನವಾದರೂ ಮೆಸ್ಸಿಗೇ ಹೋಗಿ ಕೂತು ಉಣ್ಣು. ಬಡಿಸುವವರು ನಿನ್ನ ಮುಖ ಗುರುತು ಹಿಡಿಯಲಿ. ದನಿ ಬೇಕು ಅಂದೆಯಲ್ಲ, ಅದು ಅಲ್ಲಿ ಸಿಗುತ್ತದೆ.


ಸಾಗರದ ಹುಡುಗ | ಎರಡು ವಾರದ ನಂತರ, ಭಾನುವಾರ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಮಾಡಿ ನೋಡಿಯೇ ಬರೆಯೋಣ ಅಂತ ಸುಮ್ಮನಿದ್ದೆ.

ಒಣದ್ರಾಕ್ಷಿ ಮನೆಯಲ್ಲಿ ಇರಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಅದರಿಂದ ಶುರು ಮಾಡಿದೆ. ಒಂದೇ ಒಂದು ಮಿಡಿ ತಟ್ಟೆಯ ತುದಿಗೆ ಹಾಕಿಕೊಂಡು ಸರಿಯಾಗಿ ನೋಡಿದೆ. ಸಿಪ್ಪೆ ಮುದುರಿ ನೆರಿಗೆ ಬಿದ್ದಿತ್ತು. ಒಂದು ಗೆಣ್ಣಿನಷ್ಟು ತೊಟ್ಟು ಹಾಗೇ ಇತ್ತು. ತೊಟ್ಟು ಹಿಡಿದು ತುದಿ ಕಚ್ಚಿದೆ. ಮೊದಲು ಬಂದಿದ್ದು ಉಪ್ಪು, ಖಾರ. ಅದರ ಹಿಂದೆ ಹುಳಿ. ಆಮೇಲೆ, ನುಂಗುವ ಹೊತ್ತಿಗೆ, ಮೂಗಿನಲ್ಲಿ ಜೀರಿಗೆ! ಅಮ್ಮನನ್ನು ಕೇಳಿದೆ, ಇದಕ್ಕೆ ಜೀರಿಗೆ ಹಾಕಿದ್ದೀರಾ ಅಂತ. "ಅದು ಜೀರಿಗೆ ಮಿಡಿ ಕಣೋ, ಹೊಳೆ ಬದಿ ಮರದ್ದು. ಮಿಡಿಗೇ ಆ ಘಮ. ಸೊನೆ ಆರೋಕೆ ಮುಂಚೆ ಉಪ್ಪಿಗೆ ಹಾಕ್ಬೇಕು, ಇಲ್ದಿದ್ರೆ ಹೋಗಿಬಿಡುತ್ತೆ" ಅಂದರು. ಹುಟ್ಟಿದಾಗಿನಿಂದ ಆ ಮರದ ಮಿಡಿ ತಿನ್ನುತ್ತಿದ್ದೇನೆ. ಮೂವತ್ತೊಂದನೇ ವರ್ಷಕ್ಕೆ ಅದರ ಘಮ ತಿಳಿಯಿತು.

ಐದು ತುತ್ತಿನ ಲೆಕ್ಕ ನನಗೆ ಬಹಳ ಸಹಾಯ ಮಾಡಿತು. ಮೇಷ್ಟ್ರೇ, ನಾನು ಅಗಿದೇ ತಿನ್ನುತ್ತೇನೆ. ಮೊದಲ ಎರಡು ಬರೀ ಅನ್ನ. ಕುಚಲಕ್ಕಿ ಅನ್ನವನ್ನು ತುಂಬ ಹೊತ್ತು ಅಗಿದರೆ ಸಿಹಿಯಾಗುತ್ತದೆ. ಶಾಲೆಯಲ್ಲಿ ಓದಿದ್ದೆವು, ಜೊಲ್ಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ ಅಂತ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಾಲಿಗೆಗೆ ಗೊತ್ತಾಗಿದ್ದು ಈಗ.

ಫೋನು ಈಗ ಜಗಲಿಯಲ್ಲಿ ಇರುತ್ತದೆ. ಪಕ್ಕದಲ್ಲೇ ಮಗುಚಿ ಇಟ್ಟರೆ ಪ್ರಯೋಜನ ಇಲ್ಲ, ಕಣ್ಣು ಅಲ್ಲೇ ಹೋಗುತ್ತದೆ. ಎರಡು ದಿನ ಆಫೀಸಿನ ಕರೆ ಇತ್ತು, ಆಗ ಮತ್ತೆ ಹಳೇ ಥರವೇ ಉಂಡೆ. ಚಡಪಡಿಕೆ ಒಂದು ವಾರ ಇತ್ತು, ಆಮೇಲೆ ಕಡಿಮೆಯಾಯಿತು. ನಾಲ್ಕು ಗಂಟೆಗೆ ಚಕ್ಕುಲಿ ಬೇಕು ಅನ್ನಿಸುವುದು ಪೂರ್ತಿ ನಿಂತಿಲ್ಲ, ಆದರೆ ಎರಡು ತಿಂದು ಡಬ್ಬಿ ಮುಚ್ಚುತ್ತೇನೆ. ಹೊಟ್ಟೆ ಉಬ್ಬರ ಇಲ್ಲ. ತೂಕ ನೋಡಿಲ್ಲ.

ತೋಟದ ಮನೆ ಅಕ್ಕಾ, ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಹೇಗೆ ಉಣ್ಣುತ್ತಾರೆ ಅಂತ ನಾನು ನೋಡಿಯೇ ಇರಲಿಲ್ಲ. ಈಗ ಅಪ್ಪಯ್ಯ, ನಾನು, ಅಮ್ಮ ಮೂವರೂ ಒಟ್ಟಿಗೆ ಕೂರುತ್ತೇವೆ. ಅಮ್ಮನಿಗೆ ಮೊದಮೊದಲು ಸಂಕೋಚ ಆಯಿತು. ಅವರಿಗೆ ಮಜ್ಜಿಗೆಗಿಂತ ಮೊದಲು ಒಂಚೂರು ಸಾರನ್ನ ಮತ್ತೆ ಬೇಕು ಅನ್ನುವುದು ಮೊನ್ನೆ ಗೊತ್ತಾಯಿತು. ಈಗ ನಾನೇ ಬಡಿಸುತ್ತೇನೆ.


ಮುಂದಿನ ಸ್ಟಾಪ್ | ಭಾನುವಾರ

ನನ್ನದೂ ಹೇಳುತ್ತೇನೆ. ದಿನಾ ಆಗುವುದಿಲ್ಲ, ಬಸ್ಸು ಲೇಟಾದ ದಿನ ಬಾಯಿಗೆ ತುರುಕಿಕೊಂಡು ಓಡುವುದೇ. ಆದರೆ ಮೊನ್ನೆ ಕೊಟ್ಟೆ ಕಡುಬು ಇತ್ತು. ಹಲಸಿನ ಎಲೆಯ ಕೊಟ್ಟೆ ಬಿಡಿಸುವಾಗ ಎಲೆಯ ವಾಸನೆ ಕಡುಬಿಗೆ ಇಳಿದಿರುತ್ತದೆ, ಗೊತ್ತಾ? ಐದು ತುತ್ತು ಲೆಕ್ಕದ ಪುಸ್ತಕ ಮುಟ್ಟಲಿಲ್ಲ. ಹೋಟೆಲಿನವರಿಗೆ "ಚೆನ್ನಾಗಿದೆ" ಅಂದೆ. ಆರು ವರ್ಷದಿಂದ ಅಲ್ಲೇ ತಿನ್ನುತ್ತಿದ್ದೇನೆ, ಹೇಳಿದ್ದು ಇದೇ ಮೊದಲು.


ಪುಟ್ಟಿ ಅಮ್ಮ | ಭಾನುವಾರ ಸಂಜೆ

ಮೊದಲ ಎರಡು ದಿನ ಮಗಳು ಅತ್ತಿದ್ದಕ್ಕಿಂತ ನಾನೇ ಜಾಸ್ತಿ ಅತ್ತೆ. ಮೂರನೇ ದಿನ ರೊಟ್ಟಿ ಹಿಟ್ಟು ಕೊಟ್ಟೆ. ತಟ್ಟಿದಳು, ಮೂಲೆ ಮೂಲೆಯಾಗಿ ಬಂತು, ಬೇಯಿಸಿ ಕೊಟ್ಟೆ. ಬೆಣ್ಣೆ ಕರಗುವುದನ್ನೇ ನೋಡುತ್ತಾ ಕೂತಿದ್ದಳು. ಬೆರಳು ಅದ್ದಿ ನೆಕ್ಕಿದಳು. ಅರ್ಧ ರೊಟ್ಟಿ ತಿಂದು "ಸಾಕು" ಅಂದಳು. ಆ ಮಾತು ಅವಳ ಬಾಯಲ್ಲಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಸಾಗರದವರೇ, ಆ ಒಂದೆಲಗದ ತಂಬುಳಿ ಹೇಗೆ ಮಾಡುವುದು ಅಂತ ನಿಮ್ಮ ಅಮ್ಮನನ್ನು ಕೇಳಿ ಹಾಕುತ್ತೀರಾ?


ಸಾಗರದ ಹುಡುಗ | ಸೋಮವಾರ ಮಧ್ಯಾಹ್ನ

ಇವತ್ತು ಪಕ್ಕದಲ್ಲೇ ನಿಂತು ನೋಡಿದೆ. ಎರಡು ಹಿಡಿ ಒಂದೆಲಗ, ಬೇರಿನ ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದದ್ದು. ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪನ್ನೂ ಅದರಲ್ಲೇ ಸ್ವಲ್ಪ ಬಾಡಿಸುವುದು. ಅರ್ಧ ಹೋಳು ತೆಂಗಿನಕಾಯಿ ತುರಿ ಸೇರಿಸಿ ನುಣ್ಣಗೆ ರುಬ್ಬುವುದು. ಕಡೆದ ಮಜ್ಜಿಗೆಗೆ ಕಲಸುವುದು. ಕುದಿಸಬಾರದು. ಮೇಲೆ ಸಾಸಿವೆ, ಒಣಮೆಣಸಿನ ಒಗ್ಗರಣೆ. ಮಗುವಿಗೆ ಕೊಡುವುದಾದರೆ ಕಾಳುಮೆಣಸು ಎರಡೇ ಸಾಕಂತೆ.

ಉಪ್ಪು ಎಷ್ಟು ಅಂತ ಕೇಳಿದೆ. ನೈವೇದ್ಯ ಮುಗಿದಿತ್ತು. ಅಮ್ಮ ಸೌಟಿನಿಂದ ನಾಲ್ಕು ಹನಿ ನನ್ನ ಅಂಗೈಗೆ ಹಾಕಿ, "ನೀನೇ ನೋಡಿ ಹೇಳು" ಅಂದರು. ಒಂಚೂರು ಕಡಿಮೆ ಇತ್ತು. ಹೇಳಿದೆ.